ಮುಪ್ಪಿನ ಇಡುಗಂಟು: ತಾಯಿಕುರಿ ಮಾರಬೇಡಿ

ಪಿಂಚಣಿ ಇರುವ ನೌಕರನಿಗೆ 60 ತುಂಬಿದ ಮರುತಿಂಗಳಿಂದಲೇ ಹಣ ಶುರು. ರೈತನಿಗೆ 60 ತುಂಬಿದರೆ ಶುರುವಾಗುವುದು ಮಂಡಿನೋವು! ಹೊಲದ ಕೆಲಸವಂತೂ ನಿಲ್ಲುವುದಿಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ, ಪಿ.ಎಂ. ಕಿಸಾನ್‌ನಲ್ಲಿ ವರ್ಷಕ್ಕೆ 6,000. 2019ರಲ್ಲಿ ಸಣ್ಣ ರೈತರಿಗೆ ಅಂತಲೇ ಒಂದು ಪಿಂಚಣಿ ಯೋಜನೆ ಬಂತು, 60ರ ಮೇಲೆ ತಿಂಗಳಿಗೆ 3,000 ಕೊಡುವಂಥದ್ದು. ಆದರೆ ಅದಕ್ಕೆ ಸೇರಬೇಕಾದರೆ ವಯಸ್ಸು 18ರಿಂದ 40ರ ಒಳಗೆ ಇರಬೇಕು. ನನ್ನಂಥ ಐವತ್ತು ದಾಟಿದವರಿಗೆ ಆ ಬಾಗಿಲು ಮುಚ್ಚಿದೆ.

ಕೃಷಿ ಪತ್ರಿಕೆಗೆ ಬರೆಯುವ ನಾವು ತಳಿ, ಗೊಬ್ಬರ, ರೋಗ, ಧಾರಣೆ ಇಷ್ಟರಲ್ಲೇ ಮುಗಿಸುತ್ತೇವೆ. ಬೆಳೆದು ಬಂದ ಹಣವನ್ನು ಎಲ್ಲಿಡಬೇಕು ಅನ್ನುವುದೂ ಬೇಸಾಯದ ಮಾತೇ ಅಂತ ನನ್ನ ಅಭಿಪ್ರಾಯ. ನಾನು ಷೇರು ಪಂಡಿತನಲ್ಲ, ಯಾರ ಏಜೆಂಟನೂ ಅಲ್ಲ. ದೊಡ್ಡಉಳ್ಳಾರ್ತಿಯಲ್ಲಿ ಮಳೆ ನಂಬಿ ಶೇಂಗಾ, ಸಾಲು ತೊಗರಿ ಹಾಕುವವನು. ನಾಲ್ಕು ಕುರಿ ಇವೆ. ಹದಿನಾಲ್ಕು ವರ್ಷದಿಂದ, ಬೆಳೆ ಕೈಗೆ ಬಂದ ವರ್ಷ ಒಂದಿಷ್ಟು ಷೇರು ಕೊಂಡು ಇಟ್ಟುಕೊಂಡು ಬಂದಿದ್ದೇನೆ. ಮಾರಿಲ್ಲ. ವರ್ಷಕ್ಕೊಮ್ಮೆ, ಎರಡು ಸಲ ಅವು ಕೊಡುವ ಡಿವಿಡೆಂಡು ಬ್ಯಾಂಕಿಗೆ ಬಂದು ಬೀಳುತ್ತದೆ. ಅದರಲ್ಲಿ ಮತ್ತೆ ಷೇರು ಕೊಳ್ಳುತ್ತೇನೆ. ಇದರ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ತಪ್ಪಿದ್ದರೆ ತಿಳಿದವರು ಬರೆಯಿರಿ.

ನಮ್ಮ ಹಿರಿಯರಿಗೆ ಪಿಂಚಣಿ ಇರಲಿಲ್ಲ ಅಂತ ಅಲ್ಲ. ಇತ್ತು. ಅದು ಕುರಿರೊಪ್ಪದಲ್ಲಿ ಇತ್ತು. ಇಪ್ಪತ್ತು ತಾಯಿಕುರಿ ಇದ್ದವನಿಗೆ ವರ್ಷಕ್ಕೆ ಹದಿನೈದಾದರೂ ಮರಿ ಉಳಿಯುತ್ತಿತ್ತು. ಗಂಡುಮರಿ ಸಂತೆಗೆ, ಹೆಣ್ಣುಮರಿ ಮಂದೆಗೆ. ಉಣ್ಣೆ ಕಂಬಳಿಗೆ, ಗೊಬ್ಬರ ಹೊಲಕ್ಕೆ. ಮದುವೆ, ಹಬ್ಬ, ಆಸ್ಪತ್ರೆ ಎಲ್ಲಾ ಮರಿ ಮಾರಿದ ದುಡ್ಡಲ್ಲೇ ನಡೀತಿತ್ತು. ಕೈಲಾಗದ ಮುದುಕನೂ ಮಂದೆಯನ್ನು ಇನ್ನೊಬ್ಬರಿಗೆ ಪಾಲಿಗೆ ಬಿಟ್ಟು ಅರ್ಧ ಮರಿ ತಿನ್ನುತ್ತಿದ್ದ. ಬರಗಾಲ ಅಲ್ಲದೆ ತಾಯಿಕುರಿ ಸಂತೆಗೆ ಹೊಡೆದವನನ್ನು ಕಂಡರೆ ‘ಆ ಮನೆ ಮುಗೀತು ಬಿಡು’ ಅನ್ನುತ್ತಿದ್ದರು.

ಆ ಮಂದೆ ಮೇಯುತ್ತಿದ್ದದ್ದು ಅಮೃತಮಹಲ್ ಕಾವಲಿನಲ್ಲಿ. 2007ರ ನಂತರದ ವರ್ಷಗಳಲ್ಲಿ ಉಳ್ಳಾರ್ತಿ ಕಾವಲು, ವರವು ಕಾವಲು, ಖುದಾಪುರ ಎಲ್ಲಾ ಸೇರಿ ಸುಮಾರು 10 ಸಾವಿರ ಎಕರೆ ಡಿ.ಆರ್.ಡಿ.ಒ., ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಮುಂತಾದವಕ್ಕೆ ಹೋಯಿತು. ಅದು ಸರಿಯೋ ತಪ್ಪೋ ಎಂಬ ವಾದ ಈ ಲೇಖನದ್ದಲ್ಲ. ಮೇವಿನ ಜಾಗ ಕಡಿಮೆಯಾದಂತೆ ನಮ್ಮ ಹಳೇ ಪಿಂಚಣಿಯೂ ಕರಗಿತು ಅನ್ನುವುದಷ್ಟೇ ನನ್ನ ಮಾತು. ಕುರಿ ಕಾಯಲು ಹುಡುಗರೂ ಸಿಗುವುದಿಲ್ಲ. ಮುಪ್ಪಿಗೆ ಬೇರೆ ಮಂದೆ ಹುಡುಕಲೇಬೇಕು.

ಚಿನ್ನ ಇಡಬಹುದು, ಅದು ಮರಿ ಹಾಕುವುದಿಲ್ಲ. ಚೀಟಿ ಹಾಕಿ ಕೈ ಸುಟ್ಟುಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ಬ್ಯಾಂಕಿನ ಠೇವಣಿ ಭದ್ರ, ನಾನೂ ಇಟ್ಟಿದ್ದೇನೆ. ಆದರೆ ಎಣ್ಣೆ ಬೇಳೆ ರೇಟು ಏರಿದಂತೆ ಠೇವಣಿಯ ಬಡ್ಡಿ ಏರುವುದಿಲ್ಲ.

ಷೇರು ಅಂದಕೂಡಲೇ ನಮ್ಮ ಕಡೆ ಹುಡುಗರು ಬೇರೆಯದೇ ಅರ್ಥ ಮಾಡಿಕೊಂಡಿದ್ದಾರೆ. ಬೆಳಿಗ್ಗೆ 9.15ಕ್ಕೆ ಷೇರುಪೇಟೆ ತೆರೆಯುವ ಹೊತ್ತಿಗೆ ಕಟ್ಟೆಯ ಮೇಲೆ ನಾಲ್ಕು ಮೊಬೈಲು. ಮಧ್ಯಾಹ್ನ 3.30ಕ್ಕೆ ಮುಚ್ಚುವ ತನಕ ಕಣ್ಣು ಕದಲುವುದಿಲ್ಲ. ನನ್ನ ಅಕ್ಕನ ಮಗ ಎರಡು ವರ್ಷದ ಹಿಂದೆ ಎಂಟು ಕುರಿ ಮಾರಿದ ದುಡ್ಡನ್ನು ‘ಆಪ್ಷನ್’ ಅನ್ನುವುದಕ್ಕೆ ಹಾಕಿದ. ಮೂರು ವಾರ ಲಾಭ. ಊರಿಗೆಲ್ಲಾ ಟೀ ಕುಡಿಸಿದ. ನಾಲ್ಕನೇ ವಾರ ಎಲ್ಲಾ ಹೋಯಿತು.

ಆಪ್ಷನ್ ಅಂದರೆ ಏನು ಅಂತ ಹಳಬರು ಕೇಳುತ್ತಾರೆ. ಮುಂದಿನ ವಾರ ಶೇಂಗಾ ಕ್ವಿಂಟಾಲಿಗೆ ಇಷ್ಟು ದಾಟುತ್ತೆ ಅಂತ ಇವತ್ತೇ ಮುಂಗಡ ಕಟ್ಟಿ ಬಾಜಿ ಕಟ್ಟಿದ ಹಾಗೆ. ದಾಟದಿದ್ದರೆ ಮುಂಗಡ ಹೋಯಿತು. ನಿಮ್ಮ ಕೈಯಲ್ಲಿ ಕಾಳೂ ಇಲ್ಲ, ಹೊಟ್ಟೂ ಇಲ್ಲ. ಷೇರಾದರೆ ಬೆಲೆ ಬಿದ್ದರೂ ಷೇರು ಉಳಿಯುತ್ತದೆ.

ಇದು ನನ್ನ ಅಕ್ಕನ ಮಗನ ಒಬ್ಬನ ಹಣೆಬರಹ ಅಲ್ಲ. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಹೊರಗೆ ಹಾಕಿತು. ಮೂರು ವರ್ಷದಲ್ಲಿ ವಾಯಿದೆ ಮತ್ತು ಆಪ್ಷನ್ ವ್ಯವಹಾರ ಮಾಡಿದ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಎಲ್ಲರದ್ದೂ ಸೇರಿ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ! ಮರುವರ್ಷದ ಲೆಕ್ಕದಲ್ಲೂ ನೂರಕ್ಕೆ 91 ಮಂದಿ ಕಳೆದುಕೊಂಡವರೇ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಷೇರು ಮಾರುವವರಲ್ಲೂ ಹತ್ತರಲ್ಲಿ ಏಳು ಜನಕ್ಕೆ ನಷ್ಟ ಅಂತ ಅದೇ ಸಂಸ್ಥೆಯ ಇನ್ನೊಂದು ವರದಿ. ನೂರು ಎಕರೆ ಬಿತ್ತಿ 93 ಎಕರೆ ಹೋಗುವ ಬೆಳೆಯನ್ನು ನಾವು ಮರುವರ್ಷ ಬಿತ್ತುತ್ತೇವೆಯೆ?

ಆಪ್ಷನ್ ಬೇಡ, ಷೇರನ್ನೇ ವಾರಕ್ಕೊಮ್ಮೆ ಕೊಂಡು ಮಾರುತ್ತೇನೆ ಅನ್ನುವವರೂ ಇದ್ದಾರೆ. ಲೆಕ್ಕ ಹಾಕೋಣ. ಕೈಯಲ್ಲಿ 50 ಸಾವಿರ ಇದೆ ಅನ್ನಿ. ಷೇರು ಕೊಳ್ಳುವಾಗ ಸರ್ಕಾರಕ್ಕೆ ವಹಿವಾಟು ತೆರಿಗೆ ನೂರಕ್ಕೆ 10 ಪೈಸೆ, ಮಾರುವಾಗ ಮತ್ತೆ 10 ಪೈಸೆ. ಒಂದು ಸುತ್ತಿಗೆ 100 ರೂಪಾಯಿ. ವರ್ಷಕ್ಕೆ 40 ಸುತ್ತು ಹೊಡೆದರೆ 4,000. ಅಂದರೆ ಅಸಲಿನ ನೂರಕ್ಕೆ ಎಂಟು ಈ ಒಂದು ತೆರಿಗೆಗೇ ಹೋಯಿತು! ಬ್ರೋಕರ್ ಕಮಿಷನ್, ಅದರ ಮೇಲೆ ಜಿ.ಎಸ್.ಟಿ., ಮಾರಿದಾಗಲೆಲ್ಲಾ ಡಿಮ್ಯಾಟ್ ಖಾತೆಯ ಖರ್ಚು ಬೇರೆ. ಲಾಭ ಬಂದರೆ, ವರ್ಷ ತುಂಬುವ ಮೊದಲೇ ಮಾರಿದ್ದಕ್ಕೆ 2024ರ ಜುಲೈ 23ರಿಂದ ನೂರಕ್ಕೆ 20 ತೆರಿಗೆ. ವರ್ಷ ದಾಟಿ ಮಾರಿದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ, ಮೇಲಿನದಕ್ಕೆ ಹನ್ನೆರಡೂವರೆ. ಪ್ರತಿ ಸಂತೆಗೂ ಅದೇ ಕುರಿ ಹೊಡೆದುಕೊಂಡು ಹೋಗಿ ವಾಪಸ್ ತಂದರೆ ಲಾರಿಯವನೂ ದಲ್ಲಾಳಿಯೂ ಉದ್ಧಾರ. ಕುರಿ ಬಡವಾಗುತ್ತದೆ.

‘ಮಾವ, ನೀನು ಹೇಳೋದು ಸರಿ, ಆದ್ರೆ ನೂರಕ್ಕೆ ಮೂರು ರೂಪಾಯಿ ಸಿಗೋಕೆ ವರ್ಷಗಟ್ಟಲೆ ಕಾಯ್ಬೇಕಾ?’ ಅಂತ ಅದೇ ಹುಡುಗ ಈಗಲೂ ಕೇಳುತ್ತಾನೆ. ಹೌದಪ್ಪ, ಕಾಯ್ಬೇಕು. ತೆಂಗು ನೆಟ್ಟು ಆರೇಳು ವರ್ಷ ಕಾಯೋದಿಲ್ವಾ? ಅವನ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಉತ್ತರ ಬಿಡಿಸಿ ಹೇಳಬೇಕು.

ಡಿವಿಡೆಂಡ್ ಅಂದರೆ ಕಂಪೆನಿ ಗಳಿಸಿದ ಲಾಭದಲ್ಲಿ ಪಾಲುದಾರರಿಗೆ ಹಂಚುವ ಭಾಗ. ಸೊಸೈಟಿಯಲ್ಲಿ ಸಾಲ ತೆಗೆಯುವಾಗ ಷೇರು ಹಣ ಹಿಡಿಯುತ್ತಾರಲ್ಲ, ಅದಕ್ಕೂ ಡಿವಿಡೆಂಡ್ ಉಂಟು, ಸೊಸೈಟಿ ಲಾಭದಲ್ಲಿದ್ದರೆ. ಆದರೆ ಸೊಸೈಟಿಯ ನೂರು ರೂಪಾಯಿ ಷೇರು ಇಪ್ಪತ್ತು ವರ್ಷ ಬಿಟ್ಟು ವಾಪಸ್ ತೆಗೆದರೂ ನೂರೇ. ಕಂಪೆನಿಯ ಷೇರು ಹಾಗಲ್ಲ. ಕಂಪೆನಿ ಬೆಳೆದರೆ ಷೇರಿನ ಬೆಲೆಯೂ ಬೆಳೆಯುತ್ತದೆ, ಡಿವಿಡೆಂಡೂ ಬೆಳೆಯುತ್ತದೆ. ಸೋತರೆ ಎರಡೂ ಹೋಗುತ್ತವೆ.

ಇದನ್ನು ನಮ್ಮ ಪಕ್ಕದ ಪಾವಗಡದಲ್ಲಿ ಕಣ್ಣಾರೆ ನೋಡಬಹುದು. ಅಲ್ಲಿಯ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆ ರೈತರ ಜಮೀನು ಹೋಯಿತು. ಕ್ರಯಕ್ಕೆ ಅಲ್ಲ, ಗುತ್ತಿಗೆಗೆ. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಅಲ್ಲಿ ಜಮೀನಿಲ್ಲದ ಕೂಲಿಯವರಿಗೆ ಕೆಲಸ ಹೋಯಿತು ಎಂಬ ದೂರು ಬೇರೆ ಇದೆ, ಅದನ್ನು ಮರೆಯಬಾರದು. ಆದರೆ ಜಮೀನಿನವರ ಹೆಸರು ಪಹಣಿಯಲ್ಲಿ ಉಳಿದಿದೆ, ವರ್ಷಾ ವರ್ಷಾ ಹಣ ಬರುತ್ತಿದೆ. ಡಿವಿಡೆಂಡಿನ ಗುಣವೂ ಇದೇ. ಆಸ್ತಿ ಕೈಬಿಡದೆ ಅದರ ಫಲ ತಿನ್ನುವುದು.

ಈಗ ಎಚ್ಚರಿಕೆ. ಡಿವಿಡೆಂಡಿನ ಲೆಕ್ಕದಲ್ಲಿ ಓದು ಬಂದವರೂ ಮೋಸ ಹೋಗುತ್ತಾರೆ. ಉದಾಹರಣೆಗೆ ಐ.ಟಿ.ಸಿ. ಕಂಪೆನಿ 2024-25ಕ್ಕೆ ಷೇರಿಗೆ 14 ರೂಪಾಯಿ 35 ಪೈಸೆ ಕೊಟ್ಟಿತು. ಅದರ ಮುಖಬೆಲೆ ಒಂದು ರೂಪಾಯಿ. ಹಾಗಾಗಿ ‘ಶೇಕಡಾ 1,435 ಡಿವಿಡೆಂಡ್!’ ಅಂತ ಬರೆಯಬಹುದು, ಸುಳ್ಳೂ ಅಲ್ಲ. ಆದರೆ ಮುಖಬೆಲೆಗೆ ಷೇರು ಯಾರು ಕೊಡುತ್ತಾರೆ? ಪೇಟೆಯಲ್ಲಿ 400 ಕೊಟ್ಟು ಕೊಂಡಿದ್ದೀರಿ ಅನ್ನಿ, ನಿಮಗೆ ಬಿದ್ದದ್ದು ನೂರಕ್ಕೆ ಮೂರೂವರೆ ಚಿಲ್ಲರೆ. ನಿಮ್ಮ ಲೆಕ್ಕ ಯಾವಾಗಲೂ ನೀವು ಕೊಟ್ಟ ಬೆಲೆಯ ಮೇಲೆ ಇರಲಿ. (ಸಿಗರೇಟಿನ ಕಂಪೆನಿ ಬೇಡ ಅನ್ನುವವರು ಬೇರೆ ನೋಡಲಿ. ನನ್ನ ಹೆಂಡತಿಯದೂ ಅದೇ ತಕರಾರು.)

ನಾಳೆ ಡಿವಿಡೆಂಡ್ ಅಂದರೆ ಇವತ್ತು ಕೊಂಡು ನಾಡಿದ್ದು ಮಾರುವ ಜಾಣರೂ ಇದ್ದಾರೆ. ಡಿವಿಡೆಂಡಿನ ಹಕ್ಕು ಕಳೆಯುವ ದಿನ ಷೇರಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಗಬ್ಬದ ಕುರಿಗೆ ಸಂತೆಯಲ್ಲಿ ಹೆಚ್ಚು ಬೆಲೆ, ಮರಿ ಹಾಕಿದ ಮೇಲೆ ಅದೇ ಬೆಲೆ ಕೊಡುವವನು ಯಾರು?

ಕೆಲವು ಷೇರುಗಳಲ್ಲಿ ನೂರಕ್ಕೆ ಹತ್ತು, ಹನ್ನೆರಡು ಡಿವಿಡೆಂಡ್ ಕಾಣುತ್ತದೆ. ಅನುಮಾನ ಪಡಿ. ಬೆಲೆ ಬಿದ್ದುಹೋಗಿರುವುದರಿಂದ ಹಾಗೆ ಕಾಣುತ್ತಿರಬಹುದು. ಇಲ್ಲವೇ ಕಂಪೆನಿ ಗಳಿಕೆಗಿಂತ ಹೆಚ್ಚು ಹಂಚುತ್ತಿರಬಹುದು. ಅದು ಬಿತ್ತನೆ ಬೀಜ ಹುರಿದು ತಿಂದ ಹಾಗೆ. ನೂರು ರೂಪಾಯಿ ಗಳಿಸಿ ನಲವತ್ತು ಐವತ್ತು ಹಂಚಿ ಉಳಿದದ್ದನ್ನು ವ್ಯಾಪಾರಕ್ಕೆ ಹಾಕುವ, ಸಾಲದ ಹೊರೆ ಇಲ್ಲದ, ಹತ್ತು ವರ್ಷ ತಪ್ಪದೆ ಕೊಟ್ಟ ಕಂಪೆನಿ ನನಗೆ ಇಷ್ಟ.

ಹಾಗಿದ್ದರೂ ಒಂದನ್ನೇ ನಂಬಬಾರದು. ಬೆಂಗಳೂರಿನ ಕಿಂಗ್‌ಫಿಷರ್ ವಿಮಾನ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿದದ್ದು ಮತ್ತೆ ಹಾರಲಿಲ್ಲ, ಷೇರು ಕಾಗದವಾಯಿತು. ನಮ್ಮ ಕನ್ನಡನಾಡಿನ ಬ್ಯಾಂಕುಗಳನ್ನೇ ನೋಡಿ. 2019ರಲ್ಲಿ ವಿಜಯಾ ಬ್ಯಾಂಕ್ ವಿಲೀನವಾದಾಗ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಸಿಕ್ಕಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕಿನ 1,000ಕ್ಕೆ ಕೆನರಾದ 158. ಅದೇ 2020ರಲ್ಲಿ ಕೊರೋನಾ ಬಂದಾಗ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆಲ್ಲಾ ಡಿವಿಡೆಂಡ್ ಕೊಡಬೇಡಿ ಅಂದಿತು. ಗಟ್ಟಿ ಬ್ಯಾಂಕುಗಳೂ ಆ ವರ್ಷ ನಿಲ್ಲಿಸಬೇಕಾಯಿತು. ಹತ್ತಾರು ಕಂಪೆನಿ, ಬೇರೆ ಬೇರೆ ಕಸುಬು ಇರಬೇಕು ಅನ್ನುವುದು ಇದಕ್ಕೇ. ಶೇಂಗಾ ಸಾಲಿನ ನಡುವೆ ತೊಗರಿ, ಅಂಚಿಗೆ ಔಡಲ ಹಾಕುವ ನಮಗೆ ಇದನ್ನು ಬೇರೆಯವರು ಕಲಿಸಬೇಕಿಲ್ಲ.

ಷೇರು ಬಿಡದೆ ಹಿಡಿದವರ ಕಥೆಗಳಲ್ಲಿ ನನಗೆ ಹತ್ತಿರದ್ದು ವಿಪ್ರೋದ್ದು. ಇವತ್ತು ಅದು ಬೆಂಗಳೂರಿನ ಕಂಪ್ಯೂಟರ್ ಕಂಪೆನಿ. ಹುಟ್ಟಿದ್ದು 1945ರ ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಲ್ನೇರಿನಲ್ಲಿ, ಶೇಂಗಾ ಎಣ್ಣೆಯಿಂದ ವನಸ್ಪತಿ ಮಾಡುವ ಕಾರ್ಖಾನೆಯಾಗಿ! ಆ ಊರಿನವರು, ಸುತ್ತಲ ರೈತರು ಷೇರು ತೆಗೆದುಕೊಂಡರು. ಮಾರದೆ ಮಕ್ಕಳಿಗೆ ಬಿಟ್ಟವರ ಮನೆಗಳು ಬೋನಸ್ ಷೇರಿನಿಂದಲೇ ಸ್ಥಿತಿವಂತವಾದವು. ಮಗಳ ಮದುವೆಗೆ ಒಂದಿಷ್ಟು ಷೇರು ಮಾರುವುದು, ಉಳಿದದ್ದನ್ನು ಮುಟ್ಟದಿರುವುದು ಅಲ್ಲಿಯ ರೂಢಿಯಂತೆ. ನಮ್ಮ ಚಳ್ಳಕೆರೆಯನ್ನೂ ಎಣ್ಣೆ ನಗರ ಅನ್ನುತ್ತಿದ್ದರು. ಅದೇ ಶೇಂಗಾ, ಅದೇ ಗಾಣ. ಅಲ್ಲಿಯವರಿಗೆ ಷೇರು ಸಿಕ್ಕಿತು, ನಮಗೆ ಹಿಂಡಿ ಸಿಕ್ಕಿತು.

ಇನ್ಫೋಸಿಸ್ ಲೆಕ್ಕವೂ ಹಾಗೇ. 1993ರಲ್ಲಿ 95 ರೂಪಾಯಿಯಂತೆ 100 ಷೇರು, ಅಂದರೆ 9,500 ರೂಪಾಯಿ ಹಾಕಿ ಸುಮ್ಮನಿದ್ದವರಿಗೆ ಬೋನಸ್, ವಿಭಜನೆ ಎಲ್ಲಾ ಸೇರಿ 2018ರ ಹೊತ್ತಿಗೆ 1,02,400 ಷೇರು. 2024-25ರಲ್ಲಿ ಷೇರಿಗೆ 43 ರೂಪಾಯಿ ಡಿವಿಡೆಂಡು. ಆ ಒಂದು ವರ್ಷದ ಡಿವಿಡೆಂಡೇ 44 ಲಕ್ಷ! ಆಗ ಆ ಷೇರು ಕೊಳ್ಳುವವರಿಲ್ಲದೆ ಉಳಿದಿತ್ತು ಅನ್ನುವುದು ನೆನಪಿರಲಿ. ಆದರೆ ಇಂಥ ಕಥೆ ಹೇಳಿ ‘ಇದು ಮುಂದಿನ ಇನ್ಫೋಸಿಸ್’ ಅಂತ ವಾಟ್ಸಾಪಿನಲ್ಲಿ ಕಳಿಸುವವನನ್ನು ಮನೆ ಬಾಗಿಲಿಗೂ ಸೇರಿಸಬೇಡಿ. ಸಾವಿರ ಕಂಪೆನಿಗೆ ಒಂದು ಹಾಗೆ ಆಗುತ್ತದೆ. ನಮ್ಮ ಲೆಕ್ಕ ಅದರ ಮೇಲೆ ನಿಲ್ಲಬಾರದು.

ಹಾಗಾದರೆ ಸಣ್ಣ ರೈತನ ಲೆಕ್ಕ ಎಲ್ಲಿ ನಿಲ್ಲಬೇಕು? ಹುಡುಗನಿಗೆ ಕೊಟ್ಟ ಉತ್ತರ ಹೀಗೆ. ಮಳೆಯಾಶ್ರಯದವರಿಗೆ ಪ್ರತಿ ವರ್ಷ ಉಳಿಯುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಹನ್ನೆರಡು ವರ್ಷ 24 ಸಾವಿರದಂತೆ ಹಾಕಿದೆವು ಅನ್ನಿ, ನಡುನಡುವೆ ಬರದ ವರ್ಷ ಬಿಟ್ಟು. ಅಸಲು 2.88 ಲಕ್ಷ. ಡಿವಿಡೆಂಡನ್ನೂ ಮತ್ತೆ ಅದರಲ್ಲೇ ಹಾಕಿ, ಬೆಲೆ ಏರಿಕೆಯೂ ಸೇರಿ ವರ್ಷಕ್ಕೆ ನೂರಕ್ಕೆ ಹತ್ತು ಬೆಳೆಯಿತು ಅಂತ ಹಿಡಿದರೆ ಕೊನೆಗೆ ಸುಮಾರು 8 ಲಕ್ಷ ಆಗುತ್ತದೆ. ಹತ್ತು ಅನ್ನುವುದು ಲೆಕ್ಕಕ್ಕೆ ಹಿಡಿದದ್ದು, ಯಾರೂ ಬರೆದುಕೊಟ್ಟದ್ದಲ್ಲ. ಆ 8 ಲಕ್ಷಕ್ಕೆ ನೂರಕ್ಕೆ ಮೂರರಂತೆ ವರ್ಷಕ್ಕೆ 24 ಸಾವಿರ ಡಿವಿಡೆಂಡು. ತಿಂಗಳಿಗೆ ಎರಡು ಸಾವಿರ. ಇಪ್ಪತ್ತು ವರ್ಷದ ಮೇಲೆ ಎರಡು ಸಾವಿರಕ್ಕೆ ಎಷ್ಟು ಬೇಳೆ ಬರುತ್ತೋ! ಹಾಗಾಗಿ ಇದರಿಂದಲೇ ಮುಪ್ಪು ಕಳೆಯುತ್ತದೆ ಅಂತ ನಾನು ಹೇಳುವುದಿಲ್ಲ. ಔಷಧಿ, ಕರೆಂಟು, ಮೊಮ್ಮಕ್ಕಳ ಕೈಗೆ ಹತ್ತು ರೂಪಾಯಿ, ಇಷ್ಟಕ್ಕೆ ಮಗನ ಮುಂದೆ ಕೈ ಚಾಚುವುದು ತಪ್ಪುತ್ತದೆ. ಕಂಪೆನಿ ಚೆನ್ನಾಗಿದ್ದರೆ ಡಿವಿಡೆಂಡು ಮುಂದೆಯೂ ಏರುತ್ತದೆ. ಅಸಲು ಹಾಗೇ ಇರುತ್ತದೆ.

ಓದಿದವರೊಬ್ಬರು ನನಗೆ ಅಂದರು: ‘ಡಿವಿಡೆಂಡೇ ಯಾಕೆ ಬೇಕು? ನಿಫ್ಟಿಯ 50 ಕಂಪೆನಿ ಇರುವ ಇಂಡೆಕ್ಸ್ ಫಂಡಿಗೆ ಹಾಕಿ, ಬೇಕಾದಾಗ ಸ್ವಲ್ಪ ಸ್ವಲ್ಪ ಮಾರಿದರೆ ಆಯಿತಲ್ಲ?’ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಕಂಪೆನಿ ಆರಿಸಲು ಪುರುಸೊತ್ತು ಇಲ್ಲದವರಿಗೆ ಅದೇ ಸುಲಭ. ಆದರೆ ರೈತನ ಮನಸ್ಸು ನನಗೆ ಗೊತ್ತು. ಒಂದು ಸಲ ಮಾರಲು ಶುರುಮಾಡಿದರೆ ಬೋರ್‌ವೆಲ್‌ಗೆ ಅಂತ, ಬೈಕಿಗೆ ಅಂತ ಎರಡು ವರ್ಷದಲ್ಲಿ ರೊಪ್ಪ ಖಾಲಿ. ಡಿವಿಡೆಂಡ್ ತಾನಾಗಿ ಬಂದು ಬೀಳುತ್ತದೆ, ಮಾರುವ ಮಾತೇ ಬರುವುದಿಲ್ಲ. ನನಗೆ ಹಿಡಿಸಿದ್ದು ಇದು.

ಕೈಸಾಲ ಇದ್ದವರು ಮೊದಲು ಅದನ್ನು ತೀರಿಸಬೇಕು. ನೂರಕ್ಕೆ ತಿಂಗಳಿಗೆ ಎರಡು, ಮೂರು ಬಡ್ಡಿ ಕಟ್ಟುತ್ತಾ ಷೇರು ಕೊಳ್ಳುವುದು ಹುಚ್ಚುತನ. ಒಂದು ಬರಗಾಲ ದಾಟುವಷ್ಟು ಹಣ ಬ್ಯಾಂಕಿನಲ್ಲಿ ಇರಲಿ. ಸೊಸೈಟಿಯ ಶೂನ್ಯ ಬಡ್ಡಿ ಸಾಲ ತಂದು ಷೇರಿಗೆ ಹಾಕುವ ಬುದ್ಧಿವಂತಿಕೆ ಬೇಡ. ಸಾಲದ ಗಡುವು ಷೇರುಪೇಟೆಯನ್ನು ಕೇಳಿ ಬರುವುದಿಲ್ಲ. 2020ರ ಜನವರಿಯಲ್ಲಿ 42 ಸಾವಿರ ಮುಟ್ಟಿದ್ದ ಸೆನ್ಸೆಕ್ಸು ಮಾರ್ಚ್ 23ಕ್ಕೆ 26 ಸಾವಿರಕ್ಕೆ ಬಿತ್ತು. ಸಾಲದ ಹಣ ಹಾಕಿದವರು ಆ ಬೆಲೆಗೇ ಮಾರಬೇಕಾಯಿತು. ಸ್ವಂತ ಹಣದವರು ಸುಮ್ಮನೆ ಕೂತರು, ವರ್ಷ ಮುಗಿಯುವುದರೊಳಗೆ ಬೆಲೆ ವಾಪಸ್ ಬಂತು.

ಡಿಮ್ಯಾಟ್ ಖಾತೆಗೆ ಆಧಾರ್, ಪಾನ್, ಬ್ಯಾಂಕ್ ಪಾಸ್‌ಪುಸ್ತಕ ಸಾಕು. ಒಬ್ಬರಿಗೆ ಒಂದೇ ಖಾತೆ ಇದ್ದು ಷೇರಿನ ಬೆಲೆ 4 ಲಕ್ಷ ಮೀರದಿದ್ದರೆ ‘ಬೇಸಿಕ್’ ಖಾತೆ ಕೇಳಿ, ವರ್ಷದ ಶುಲ್ಕ ಇಲ್ಲ. ಹೆಂಡತಿಯ ಹೆಸರಲ್ಲೂ ಮಾಡಿಸಿ. ಡಿವಿಡೆಂಡು ಕೃಷಿ ಆದಾಯ ಅಲ್ಲ. 2020ರ ಏಪ್ರಿಲಿನಿಂದ ಅದು ನಮ್ಮ ಕೈಯಲ್ಲಿ ತೆರಿಗೆಗೆ ಒಳಪಟ್ಟದ್ದು. ಒಂದೇ ಕಂಪೆನಿಯಿಂದ ವರ್ಷಕ್ಕೆ 10 ಸಾವಿರ ದಾಟಿದರೆ ನೂರಕ್ಕೆ ಹತ್ತು ಹಿಡಿದು ಕೊಡುತ್ತಾರೆ. ತೆರಿಗೆ ಬೀಳುವಷ್ಟು ಆದಾಯ ಇಲ್ಲದವರು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಕೊನೆಗೆ, ಎಲ್ಲರೂ ಅಸಡ್ಡೆ ಮಾಡುವ ಒಂದು ವಿಷಯ. ನಮ್ಮ ಚಿತ್ರದುರ್ಗ ಗ್ರಾಮೀಣ ಬ್ಯಾಂಕು ಪ್ರಗತಿ ಆಯಿತು, ಪ್ರಗತಿ ಕೃಷ್ಣ ಆಯಿತು, ಈಗ ಕರ್ನಾಟಕ ಗ್ರಾಮೀಣ ಬ್ಯಾಂಕು. ಬ್ಯಾಂಕಿನ ಹೆಸರು, ಐ.ಎಫ್.ಎಸ್. ಕೋಡು ಬದಲಾದರೆ ಡಿಮ್ಯಾಟ್ ಖಾತೆಯಲ್ಲೂ ತಿದ್ದಿಸಬೇಕು. ಇಲ್ಲದಿದ್ದರೆ ಡಿವಿಡೆಂಡು ದಾರಿ ತಪ್ಪುತ್ತದೆ. ಸತತ ಏಳು ವರ್ಷ ಡಿವಿಡೆಂಡು ಯಾರೂ ಪಡೆಯದಿದ್ದರೆ ಆ ಹಣದ ಜೊತೆಗೆ ಷೇರೂ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತದೆ. ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು, ಆದರೆ ಓಡಾಟ ತಪ್ಪಿದ್ದಲ್ಲ. ನಾಮಿನಿ ಹೆಸರು ಬರೆಸಿ, ಬರೆಸಿದ್ದನ್ನು ಆ ನಾಮಿನಿಗೂ ತಿಳಿಸಿ. ಮನೆಯಲ್ಲಿ ತಂದೆ ತಾತನ ಕಾಲದ ಷೇರು ಕಾಗದಗಳಿದ್ದರೆ ಟ್ರಂಕಿನಿಂದ ಈಗಲೇ ತೆಗೆದು ನೋಡಿ. 2019ರ ಏಪ್ರಿಲಿನಿಂದ ಕಾಗದದ ಷೇರು ಮಾರಲು ಬರುವುದಿಲ್ಲ, ಡಿಮ್ಯಾಟ್‌ಗೆ ಬದಲಿಸಲೇಬೇಕು.